ಚಿಪ್ ಆಮೇಲೆ ನೋಡೋಣ, ಮೊದಲು ಬಾನೆಟ್ ಎತ್ತಿ

ಪ್ರಶ್ನೆ: ನನ್ನದು ಫೋರ್ ವೀಲ್ ಡ್ರೈವ್ ಡೀಸೆಲ್ ಗಾಡಿ, ಆಟೊಮ್ಯಾಟಿಕ್ ಗೇರು. ವಾರಕ್ಕೆ ಮೂರ್ನಾಲ್ಕು ದಿನ ಎರಡೂವರೆ ಟನ್ನಿನ ಟ್ರೈಲರ್ ಎಳೆಯಬೇಕು. ಗಾಡಿ, ಟ್ರೈಲರ್, ಸಾಮಾನು ಎಲ್ಲ ಸೇರಿ 5 ಟನ್. ಎಂಜಿನ್ 170 ಹಾರ್ಸ್‌ಪವರ್ ಅಂತ ಪುಸ್ತಕದಲ್ಲಿದೆ. ಆದರೂ 6 ಪರ್ಸೆಂಟ್ ಏರು ಅಂತ ಬೋರ್ಡ್ ಹಾಕಿರುವ ಕಡೆ ವೇಗ 40ಕ್ಕೆ ಇಳಿದುಬಿಡುತ್ತದೆ, ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಹಿಂದೆ ಕಪ್ಪು ಹೊಗೆ. ಕಳೆದ ವರ್ಷ 30 ಇಂಚಿನ ಟಯರ್ ತೆಗೆದು 33 ಇಂಚಿನದ್ದು ಹಾಕಿಸಿದೆ. ಎಂಜಿನ್ ಕಂಪ್ಯೂಟರ್‌ಗೆ ಸಿಕ್ಕಿಸುವ ಚಿಪ್ ಹಾಕಿಸು, 25 ಪರ್ಸೆಂಟ್ ಪವರ್ ಜಾಸ್ತಿಯಾಗುತ್ತೆ ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದೆಯಲ್ಲ, ಅದನ್ನು ದೊಡ್ಡದು ಹಾಕಿಸು ಅಂತ ಇನ್ನೊಬ್ಬ. ಯಾವುದು ಮಾಡಿಸಲಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಬೋರ್ಡಿನ ಮೇಲಿನ ಆ 6 ಪರ್ಸೆಂಟ್ ನೀವು ಬರೆದು ಕಳಿಸಿದ್ದೇ ಒಳ್ಳೆಯದಾಯಿತು, ಅದಿಲ್ಲದಿದ್ದರೆ ನಾನೂ ಚಿಪ್ಪಿನ ಕಥೆ ಶುರು ಮಾಡುತ್ತಿದ್ದೆನೋ ಏನೋ.

ಸ್ವಲ್ಪ ಲೆಕ್ಕ ಮಾಡೋಣ. 6 ಪರ್ಸೆಂಟ್ ಏರು ಅಂದರೆ ನೂರು ಮೀಟರ್ ಮುಂದೆ ಹೋದರೆ ಆರು ಮೀಟರ್ ಮೇಲೆ. 5 ಟನ್ನನ್ನು ಅಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಮೇಲಕ್ಕೆತ್ತಲು ಬೇಕಾಗುವುದು ಸುಮಾರು 44 ಹಾರ್ಸ್‌ಪವರ್. ಗಾಳಿ, ಟಯರಿನ ಉರುಳು, ಗೇರ್‌ಬಾಕ್ಸ್ ತಿನ್ನುವ ಪಾಲು ಎಲ್ಲ ಧಾರಾಳವಾಗಿ ಸೇರಿಸಿ, 70–75 ಆಗಬಹುದು. ಅಂದರೆ ನಿಮ್ಮ 170ರ ಎಂಜಿನ್ ಅಲ್ಲಿ ಅರ್ಧ ಪವರ್ ಕೂಡ ಕೊಡುತ್ತಿಲ್ಲ. ಸರಿಯಾಗಿರುವ 170ರ ಎಂಜಿನ್ ಇದೇ ಏರನ್ನು 60ರಲ್ಲಿ ಹತ್ತಬೇಕು. ಇರುವುದೇ ಹೊರಗೆ ಬರುತ್ತಿಲ್ಲ, ಅದಕ್ಕೆ ಇನ್ನೂ 25 ಪರ್ಸೆಂಟ್ ತುಂಬಿಸುವುದು ಅಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಹಾಗಾದರೆ ಎಲ್ಲಿ ಹೋಗುತ್ತಿದೆ? ಒಂದು ಪಾಲು ಆ ಟಯರಿನಲ್ಲೇ ಹೋಯಿತು. 30 ಇಂಚಿನಿಂದ 33ಕ್ಕೆ ಹೋದಾಗ ಪ್ರತಿ ಗೇರಿನಲ್ಲೂ ಎಳೆತ ಸುಮಾರು 9 ಪರ್ಸೆಂಟ್ ಕಮ್ಮಿಯಾಗುತ್ತದೆ. ಗಾಡಿ ನೋಡೋಕೆ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ, ಆದರೆ ಲೋಡ್ ಎಳೆಯುವವರಿಗೆ ಅದು ಅರ್ಧ ಗೇರ್ ಮೇಲೆ ಸಿಕ್ಕಿಹಾಕಿಕೊಂಡ ಹಾಗೆ. ಸ್ಪೀಡೋಮೀಟರ್ ಕೂಡ ನಿಜಕ್ಕಿಂತ ಕಮ್ಮಿ ತೋರಿಸುತ್ತಿರುತ್ತದೆ. ಹಳೇ ಸೈಜಿಗೆ ವಾಪಸ್ ಹೋಗುವುದು ಎಲ್ಲಕ್ಕಿಂತ ಅಗ್ಗದ ದಾರಿ. ದೊಡ್ಡದೇ ಬೇಕು ಅಂತಿದ್ದರೆ ಡಿಫರೆನ್ಷಿಯಲ್ (ಆಕ್ಸಲ್ ಮಧ್ಯದ, ಚಕ್ರಗಳಿಗೆ ಎಳೆತ ಹಂಚುವ ಗೇರು) ಹಲ್ಲಿನ ಅನುಪಾತ ಬದಲಿಸಬೇಕು: 3.7 ಇದ್ದದ್ದನ್ನು 4.1 ಮಾಡಿದರೆ ಚಕ್ರದಲ್ಲಿ ಎಳೆತ 11 ಪರ್ಸೆಂಟ್ ಹತ್ತಿರ ಜಾಸ್ತಿಯಾಗುತ್ತದೆ, ಅದೂ ಎಂಜಿನ್ ಮೇಲೆ ಒಂದು ಚೂರೂ ಹೆಚ್ಚು ಒತ್ತಡವಿಲ್ಲದೆ. ನಿಮ್ಮದು ಫೋರ್ ವೀಲ್, ಹಾಗಾಗಿ ಮುಂದಿನದ್ದು ಹಿಂದಿನದ್ದು ಎರಡನ್ನೂ ಒಂದೇ ಅನುಪಾತಕ್ಕೆ ತರಬೇಕು. ಒಂದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಏನೋ ಒಂದು ಮುರಿಯುತ್ತದೆ.

ಇನ್ನೊಂದು ಪಾಲು ಗೇರಿನಲ್ಲಿ. ನಿಮ್ಮ 170 ಹಾರ್ಸ್‌ಪವರ್ ಸಿಗುವುದು ಮೂರು ಸಾವಿರದ ಮೇಲಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಸಾವಿರದ ಐನೂರರಲ್ಲಿ ಗಾಡಿ ಗೊರಗೊರ ಅಂತ ನರಳುತ್ತಿದ್ದರೆ ಅದರ ಅರ್ಧ ಕೂಡ ಸಿಗುವುದು ಕಷ್ಟ. ಡೀಸೆಲ್ ಅಲ್ವಾ, ಕಮ್ಮಿ ಆರ್‌ಪಿಎಂನಲ್ಲೇ ಎಳೆಯಬೇಕು ಅಂತ ನಮ್ಮಲ್ಲಿ ಬಹಳ ಜನ ಪೆಡಲ್ ಪೂರ್ತಿ ತುಳಿದು ಮೇಲಿನ ಗೇರಿನಲ್ಲೇ ಹಟ ಹಿಡಿಯುತ್ತಾರೆ. ಹಾಗೆ ಮಾಡಿದರೆ ಡೀಸೆಲ್ ಜಾಸ್ತಿ ಬೀಳುತ್ತದೆ, ಗಾಳಿ ಸಾಲುವುದಿಲ್ಲ, ಬಿಸಿ ಏರುತ್ತದೆ, ಅರ್ಧಂಬರ್ಧ ಉರಿದದ್ದು ಕಪ್ಪು ಹೊಗೆಯಾಗಿ ಹೊರಗೆ ಬರುತ್ತದೆ. ಏರು ಶುರುವಾಗುವ ಮುಂಚೆಯೇ ಮ್ಯಾನ್ಯುವಲ್ ಮೋಡಿಗೆ ಹಾಕಿ ಒಂದು ಗೇರ್ ಇಳಿಸಿ. ಎಂಜಿನ್ ಸದ್ದು ಮಾಡಲಿ ಬಿಡಿ. ವೇಗವಾಗಿ ತಿರುಗಿದರೆ ನೀರಿನ ಪಂಪು ಜಾಸ್ತಿ ನೀರು ತಳ್ಳುತ್ತದೆ, ಟರ್ಬೊ ಜಾಸ್ತಿ ಗಾಳಿ ಕೊಡುತ್ತದೆ.

ಆ ಕಪ್ಪು ಹೊಗೆಗೆ ಬೇರೆ ಕಾರಣವೂ ಇರಬಹುದು. ಟರ್ಬೊದಿಂದ ಅದರ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸುಗಳನ್ನು ಕೈಯಾಡಿಸಿ ನೋಡಿ. ಕೆಳಭಾಗದಲ್ಲಿ, ಕ್ಲ್ಯಾಂಪಿನ ಪಕ್ಕದಲ್ಲಿ ಸೀಳಿರುತ್ತದೆ, ನಿಂತಾಗ ಕಾಣುವುದೇ ಇಲ್ಲ, ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಪೆಡಲ್ ತುಳಿದಾಗ ಹೊಸದಾಗಿ ಸಿಳ್ಳೆ ಹೊಡೆದಂಥ ಸದ್ದು ಬರುತ್ತಿದ್ದರೆ ನೂರಕ್ಕೆ ತೊಂಬತ್ತು ಅದೇ ಅನ್ನುತ್ತೇನೆ. ಗ್ಯಾರೇಜಿನಲ್ಲಿ ಅಲ್ಪ ಒತ್ತಡದ ಗಾಳಿ ತುಂಬಿಸಿ ಸೋಪಿನ ನೀರು ಬಿಟ್ಟರೆ ಗುಳ್ಳೆ ಬರುತ್ತದೆ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡೂ ಹೊಸದು ಹಾಕಿಸಿ, ಅದನ್ನು ಹೇಳಬೇಕಿಲ್ಲ.

ಈಗ ಮೇಲೇರುವ ಮುಳ್ಳಿನ ವಿಷಯ. ಡೀಸೆಲ್ ಎಂಜಿನ್‌ನಲ್ಲಿ ಸುಟ್ಟ ಇಂಧನದ ಮೂರನೇ ಒಂದು ಭಾಗ, ಬಹಳ ಅಂದರೆ ಶೇ 40, ಚಕ್ರಕ್ಕೆ ಕೆಲಸವಾಗಿ ಹೋಗುತ್ತದೆ. ಮಿಕ್ಕಿದ್ದೆಲ್ಲ ಬಿಸಿ. ಪವರ್ 25 ಪರ್ಸೆಂಟ್ ಜಾಸ್ತಿ ಮಾಡಿದರೆ ಬಿಸಿಯೂ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ. ಈಗಲೇ ಮುಳ್ಳು ಏರುತ್ತಿರುವ ಗಾಡಿಗೆ ಚಿಪ್ ಹಾಕಿಸಿದರೆ ಆ ಬಿಸಿ ಎಲ್ಲಿ ಹೋಗಬೇಕು ಹೇಳಿ. ಇಂದಿನ ಗಾಡಿಗಳಲ್ಲಿ ಬಿಸಿ ಮಿತಿ ಮೀರಿದರೆ ಕಂಪ್ಯೂಟರ್ ತಾನೇ ಡೀಸೆಲ್ ಕಡಿತ ಮಾಡುತ್ತದೆ. ನಿಮ್ಮ 40ರ ವೇಗದಲ್ಲಿ ಅದರ ಕೈವಾಡವೂ ಇರಬಹುದು. ರೇಡಿಯೇಟರ್ ಮತ್ತು ಏಸಿ ಕಂಡೆನ್ಸರ್ ಮಧ್ಯೆ ಧೂಳು, ಹುಳ, ಹುಲ್ಲಿನ ಬೀಜ ತುಂಬಿ ಗೋಡೆ ಕಟ್ಟಿರುತ್ತದೆ, ಎದುರಿನಿಂದ ನೋಡಿದರೆ ಕ್ಲೀನ್ ಅನ್ನಿಸುತ್ತದೆ. ಬಿಚ್ಚಿಸಿ ತೊಳೆಸಿ. ರೇಡಿಯೇಟರ್ ಫ್ಯಾನನ್ನು ಎಂಜಿನ್‌ಗೆ ಜೋಡಿಸುವ ಕ್ಲಚ್ ಸರಿಯಾಗಿ ಹಿಡಿಯುತ್ತಿದೆಯಾ ನೋಡಿಸಿ. ಮುಂದೆ ಬಂಪರ್ ಮೇಲೆ ದೊಡ್ಡ ಲೈಟುಗಳನ್ನು ಸಾಲಾಗಿ ಹಾಕಿಕೊಂಡಿದ್ದರೆ ಗಾಳಿಗೆ ಅವೇ ಅಡ್ಡ.

ಇಷ್ಟು ಮಾಡಿದ ಮೇಲೂ ಸಾಲದು ಅನ್ನಿಸಿದರೆ ದುಡ್ಡು ಖರ್ಚು ಮಾಡುವ ವಿಷಯಕ್ಕೆ ಬರೋಣ. ನನ್ನ ಮೊದಲ ಆಯ್ಕೆ ಪವರ್ ಅಲ್ಲ, ಎರಡು ಮೀಟರ್. ಒಂದು ಹೊಗೆಯ ಬಿಸಿ ಅಳೆಯುವುದು, ಸೆನ್ಸರ್ ಟರ್ಬೊಗೆ ಮುಂಚೆ ಕೂರಬೇಕು. ಇನ್ನೊಂದು ಗೇರ್‌ಬಾಕ್ಸ್ ಆಯಿಲಿನದ್ದು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಪಿಸ್ಟನ್ ಹೆಚ್ಚಾಗಿ ಅದರದ್ದೇ ಮಿಶ್ರಲೋಹ. ಕೆಳಗಿನಿಂದ ಆಯಿಲ್ ಚಿಮ್ಮಿ ತಣ್ಣಗಿಡುವುದರಿಂದ ಅದಕ್ಕಿಂತ ಬಿಸಿಯಾದ ಹೊಗೆಯನ್ನೂ ತಡೆದುಕೊಳ್ಳುತ್ತದೆ, ಆದರೆ ಉದ್ದನೆಯ ಏರಿನಲ್ಲಿ ನಿಮಿಷಗಟ್ಟಲೆ 700 ಡಿಗ್ರಿ ಮೇಲೆ ಓಡಿಸುವುದು ನನಗಂತೂ ಧೈರ್ಯವಿಲ್ಲ. ಡ್ಯಾಶ್‌ಬೋರ್ಡಿನ ನೀರಿನ ಮುಳ್ಳು ಇದನ್ನೆಲ್ಲ ಹೇಳುವುದಿಲ್ಲ, ಅದು ಏಳುವ ಹೊತ್ತಿಗೆ ಒಳಗೆ ಆಗಬಾರದ್ದು ಆಗಿರಬಹುದು.

ಗೇರ್‌ಬಾಕ್ಸ್ ಆಯಿಲ್ 80–95 ಡಿಗ್ರಿಯಲ್ಲಿದ್ದರೆ ಚಿಂತೆಯಿಲ್ಲ, 120 ದಾಟಿ ಓಡುತ್ತಿದ್ದರೆ ಬೇಗ ಸುಟ್ಟು ಕೆಡುತ್ತದೆ. ಆಟೊಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಮಧ್ಯೆ ಆಯಿಲ್ ಮೂಲಕ ಎಳೆತ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಜಾರುತ್ತಾ ಇದ್ದಾಗ ಆ ಜಾರಾಟವೆಲ್ಲ ಆಯಿಲಿಗೆ ಬಿಸಿಯಾಗಿ ಸೇರುತ್ತದೆ, ಗೇರ್ ಇಳಿಸಿ ಎನ್ನುವುದಕ್ಕೆ ಅದೂ ಒಂದು ಕಾರಣ. ಬೇರೆಯದೇ ಒಂದು ದೊಡ್ಡ ಆಯಿಲ್ ಕೂಲರ್ ಹಾಕಿಸಿ. ವಾರಕ್ಕೆ ನಾಲ್ಕು ದಿನ ಟ್ರೈಲರ್ ಎಳೆಯುವವರಿಗೆ ಇದಕ್ಕಿಂತ ಒಳ್ಳೆ ಖರ್ಚು ಇಲ್ಲ. ಆಮೇಲೆ ಇಂಟರ್‌ಕೂಲರ್. ಟರ್ಬೊ ಗಾಳಿಯನ್ನು ಒತ್ತಿದಾಗ ಗಾಳಿ ಕಾಯುತ್ತದೆ, ತಣ್ಣಗೆ ಮಾಡಿದರೆ ಅಷ್ಟೇ ಜಾಗದಲ್ಲಿ ಜಾಸ್ತಿ ಗಾಳಿ ಹಿಡಿಸುತ್ತದೆ, ಹೊಗೆಯ ಬಿಸಿಯೂ ಇಳಿಯುತ್ತದೆ.

ಇದಾದ ಮೇಲೆ ಬೇಕಿದ್ದರೆ ಟ್ಯೂನಿಂಗ್. ಆದರೆ ಪೆಟ್ಟಿಗೆಯ ಚಿಪ್ ಬೇಡ. ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು ಮಾಡುವುದು ಇಷ್ಟೇ: ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯ (ಅದಕ್ಕೆ ರೈಲ್ ಅನ್ನುತ್ತಾರೆ) ಒತ್ತಡ ಇರುವುದಕ್ಕಿಂತ ಕಮ್ಮಿ ಇದೆ ಅಂತ ಕಂಪ್ಯೂಟರ್‌ಗೆ ಸುಳ್ಳು ಹೇಳುತ್ತವೆ, ಅದು ಪಾಪ ನಂಬಿಕೊಂಡು ಪಂಪನ್ನು ಇನ್ನೂ ಒತ್ತುತ್ತದೆ. ನಿಜವಾದ ಒತ್ತಡ ಎಷ್ಟು ಅಂತ ಗಾಡಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಡೈನೋ (ಗಾಡಿಯ ಪವರ್ ಅಳೆಯುವ ಯಂತ್ರ) ಮೇಲೆ ಲೋಡ್ ಕೊಟ್ಟು, ಹೊಗೆಯ ಬಿಸಿ ನೋಡುತ್ತಾ ರೀಮ್ಯಾಪ್ ಮಾಡುವವರ, ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕವನ್ನೇ ತಿದ್ದುವವರ ಹತ್ತಿರ ಹೋಗಿ, ಇದು ಟ್ರೈಲರ್ ಎಳೆಯುವ ಗಾಡಿ ಅಂತ ಮೊದಲೇ ಹೇಳಿ. ಹದವಾದ ಟ್ಯೂನ್ ಸಾಕು. ಹೊಗೆ ಬಂದರೆ ಅದು ಟ್ಯೂನ್ ಅಲ್ಲ. ದೊಡ್ಡ ಟರ್ಬೊ ಕೆಳಗಿನ ಆರ್‌ಪಿಎಂನಲ್ಲಿ ಬೇಗ ಎಚ್ಚರವಾಗುವುದಿಲ್ಲ, ನಿಮಗೆ ಬೇಕಾಗಿರುವುದೇ ಆ ಕೆಳಗಿನ ಎಳೆತ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಕಿತ್ತು ಹಾಕೋಣ ಅಂತ ಯಾರಾದರೂ ಅಂದರೆ ಎದ್ದು ಬನ್ನಿ, ಬಹಳಷ್ಟು ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ಸಾದಾ ಟ್ಯೂನಿಂಗ್‌ಗೂ ವಾರಂಟಿ ಹೋಗಬಹುದು, ವಿಮೆಯವರಿಗೆ ತಿಳಿಸಿಯೇ ಮುಂದುವರಿಯಿರಿ.

ಎಷ್ಟೇ ಪವರ್ ಏರಿಸಿದರೂ ಗಾಡಿಯ ಪುಸ್ತಕದಲ್ಲಿರುವ ಒಟ್ಟು ತೂಕದ ಮಿತಿ ಒಂದು ಕಿಲೋ ಕೂಡ ಏರುವುದಿಲ್ಲ. ಆ ಮಿತಿ ಬ್ರೇಕು, ಚಾಸಿ, ಆಕ್ಸಲ್, ಕೂಲಿಂಗ್ ಎಲ್ಲ ನೋಡಿ ಇಟ್ಟದ್ದು. ನಿಮ್ಮ 5 ಟನ್ ಅದರ ಒಳಗಿದೆಯಾ ಅಂತ ಮೊದಲು ನೋಡಿ, ಊಹೆ ಬೇಡ, ಸಾಮಾನು ತುಂಬಿಕೊಂಡೇ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಹತ್ತಿಸಿ.

ಪ್ರಶ್ನೆ: ಇಳಿಜಾರಿನಲ್ಲಿ 80 ದಾಟಿದರೆ ನನ್ನ ಟ್ರೈಲರ್ ಬಾಲ ಆಡಿಸುತ್ತದೆ. ಗಾಡಿಯ ಸಸ್ಪೆನ್ಷನ್ ಗಟ್ಟಿ ಮಾಡಿಸಿದರೆ ಸರಿಹೋಗುತ್ತಾ?

ಉತ್ತರ: ಮೊದಲು ಸಾಮಾನು ಹೇಗೆ ಜೋಡಿಸಿದ್ದೀರಿ ನೋಡಿ. ಹಿಂದೆ ಭಾರ ಜಾಸ್ತಿಯಾದರೆ ಬಾಲ ಆಡಿಸಿಯೇ ಆಡಿಸುತ್ತದೆ. ಮಧ್ಯದಲ್ಲಿ ಆಕ್ಸಲ್ ಇರುವ ಟ್ರೈಲರ್ ಆದರೆ ಒಟ್ಟು ತೂಕದ ಸುಮಾರು 10 ಪರ್ಸೆಂಟ್ ಹುಕ್ಕಿನ ಮೇಲೆ ಬೀಳಬೇಕು, ಅದೂ ಹುಕ್ಕಿಗೆ ಕೊಟ್ಟ ಮಿತಿಯೊಳಗೆ. ಟಯರ್ ಗಾಳಿಯನ್ನೂ ನೋಡಿ. ಆಡೋಕೆ ಶುರುವಾದಾಗ ಗಾಬರಿಯಲ್ಲಿ ಗಾಡಿಯ ಬ್ರೇಕ್ ಜೋರಾಗಿ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಸರಿ ಮಾಡಲೂ ಹೋಗಬೇಡಿ. ಆಕ್ಸಿಲರೇಟರ್ ಪೆಡಲ್‌ನಿಂದ ಕಾಲು ತೆಗೆಯಿರಿ, ಟ್ರೈಲರಿಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಅದನ್ನು ಮಾತ್ರ ಕೈಯಿಂದ ಮೆಲ್ಲಗೆ ಹಾಕಿ. ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಇಳಿಸಿಕೊಂಡರೆ 80 ದಾಟುವ ಪ್ರಸಂಗವೇ ಬರುವುದಿಲ್ಲ.

ಪ್ರಶ್ನೆ: ಏರು ಹತ್ತಿ ನಿಲ್ಲಿಸಿದ ಮೇಲೆ ಎಂಜಿನ್ ಸ್ವಲ್ಪ ಹೊತ್ತು ಸುಮ್ನೆ ಓಡಲಿ ಅಂತಾರೆ, ನಿಜಾನಾ?

ಉತ್ತರ: ನಿಜ. ಟರ್ಬೊ ಬೇರಿಂಗಿಗೆ ಆಯಿಲ್ ಹೋಗುವುದು ಎಂಜಿನ್ ಓಡುತ್ತಿದ್ದರೆ ಮಾತ್ರ. ಕೆಂಡದಂತಿರುವಾಗ ಕೀ ತಿರುಗಿಸಿದರೆ ಅಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಒಂದೆರಡು ನಿಮಿಷ ಸಾಕು. ಏರು ಮುಗಿದ ಮೇಲೆ ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಬಂದು ನಿಲ್ಲಿಸಿದ್ದರೆ ಅದೂ ಬೇಕಿಲ್ಲ.