ಓದುಗರ ಪ್ರಶ್ನೆ: ಶಾಲಾ ಲೈಬ್ರರಿಯ ಲೆಕ್ಕ ತಪ್ಪುವುದೆಲ್ಲಿ?

ಪ್ರಶ್ನೆ: ನಮ್ಮ ಶಾಲೆಯ ಲೈಬ್ರರಿ ರಿಜಿಸ್ಟರ್ ಬಿಟ್ಟು ಸಾಫ್ಟ್‌ವೇರಿಗೆ ಬಂದಿದೆ. ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗಿರುವ ಬಾರ್‌ಕೋಡನ್ನೇ ಸ್ಕ್ಯಾನ್ ಮಾಡಿ ಕೊಡುತ್ತೇವೆ. ಒಂದೇ ಪುಸ್ತಕದ ಐದು ಪ್ರತಿಗಳಿದ್ದರೆ ಒಬ್ಬರು ಹಿಂದಿರುಗಿಸಿದ್ದು ಇನ್ನೊಬ್ಬರ ಖಾತೆಗೆ ಹೋಗುತ್ತಿದೆ. ಸ್ಕ್ಯಾನರ್ ಕೆಟ್ಟಿದೆಯೇ?

ಉತ್ತರ: ಸ್ಕ್ಯಾನರ್ ಸರಿಯಾಗಿಯೇ ಇದೆ. ಹಿಂಬದಿಯಲ್ಲಿರುವುದು ಐಎಸ್‌ಬಿಎನ್, 978 ಅಥವಾ 979ರಿಂದ ಶುರುವಾಗುವ 13 ಅಂಕಿ. ಅದು ಆವೃತ್ತಿಯ ಗುರುತು, ಐದೂ ಪ್ರತಿಗಳ ಮೇಲೆ ಅದೇ ಇರುತ್ತದೆ. ಯಾವ ಪ್ರತಿ ಯಾರ ಕೈಯಲ್ಲಿದೆ ಎಂದು ಹೇಳಬಲ್ಲದ್ದು ಅಕ್ಸೆಶನ್ ನಂಬರ್, ಅಂದರೆ ಲೈಬ್ರರಿಯೇ ಒಂದೊಂದು ಪ್ರತಿಗೂ ಬೇರೆಯಾಗಿ ಕೊಡುವ ನಂಬರ್ ಮಾತ್ರ. ಕ್ಯಾಟಲಾಗಿನಲ್ಲಿ ಪುಸ್ತಕಕ್ಕೆ ಒಂದೇ ದಾಖಲೆ ಮಾಡಿ, ಅದರ ಕೆಳಗೆ ಐದು ಪ್ರತಿಗಳನ್ನು ಐದು ನಂಬರಿನಲ್ಲಿ ಸೇರಿಸಿ. ದಾಖಲೆಯನ್ನೇ ಐದು ಸಲ ಮಾಡಿದರೆ ಹುಡುಕಿದಾಗ ಒಂದೇ ಹೆಸರು ಐದು ಸಾಲು ಬಂದು ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಹಳೆಯ ರಿಜಿಸ್ಟರಿನ ನಂಬರನ್ನೇ ಉಳಿಸಿಕೊಳ್ಳಿ. ಆರು ಅಂಕಿಗೆ ಸರಿಹೊಂದಿಸಿ, 412 ಇದ್ದದ್ದು 000412 ಆಗಲಿ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡುವುದಾದರೆ ಟೈಪ್ ಮಾಡುವ ಮೊದಲೇ ಆ ಕಾಲಮನ್ನು ‘ಟೆಕ್ಸ್ಟ್’ಗೆ ಬದಲಿಸಿ. ಇಲ್ಲವಾದರೆ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ, ಐಎಸ್‌ಬಿಎನ್ 9.78E+12 ಎಂದು ಕಾಣುತ್ತದೆ. ಈ ನಂಬರುಗಳನ್ನು ಬಾರ್‌ಕೋಡಾಗಿ ಲೇಬಲಿನ ಮೇಲೆ ಅಚ್ಚು ಹಾಕಿ. ಲೇಬಲ್ ಕತ್ತರಿಸುವಾಗ ಬಾರ್‌ಕೋಡಿನ ಗೆರೆಗಳ ಎಡಬಲಕ್ಕೆ ಕನಿಷ್ಠ 6 ಮಿ.ಮೀ. ಖಾಲಿ ಬಿಡಿ. ಅಂಚಿಗೆ ಒತ್ತಿ ಕತ್ತರಿಸಿದ ಲೇಬಲನ್ನು ಸ್ಕ್ಯಾನರ್ ಓದುವುದಿಲ್ಲ, ಬಹಳ ಕಡೆ ತಪ್ಪುವುದು ಇಲ್ಲೇ. ಹೊಸ ಲೇಬಲನ್ನು ಮುಂದಿನ ಅಟ್ಟೆಯ ಮೇಲಂಚಿಗೆ ಹಚ್ಚಿದರೆ ಹಿಂದಿನ ಬಾರ್‌ಕೋಡಿಗೆ ಕೈ ಹೋಗುವುದಿಲ್ಲ. ಒಳಗೆ, ಎಲ್ಲ ಪುಸ್ತಕಗಳಲ್ಲೂ ಒಂದೇ ಗೊತ್ತಾದ ಪುಟದಲ್ಲಿ, ನಂಬರನ್ನು ಪೆನ್ನಿನಲ್ಲೂ ಬರೆದಿಡಿ. ಅಟ್ಟೆ ಹರಿದರೂ ಪುಸ್ತಕ ಅನಾಥವಾಗದು. ಕಳೆದುಹೋದ ಪುಸ್ತಕದ ನಂಬರನ್ನು ಹೊಸದಕ್ಕೆ ಕೊಡಲೇಬೇಡಿ, ಹಳೆಯ ಬಾಕಿಯೆಲ್ಲ ಹೊಸದಕ್ಕೆ ಅಂಟಿಕೊಳ್ಳುತ್ತದೆ.

ಈಗಾಗಲೇ ಕಲಸಿಹೋಗಿರುವ ಖಾತೆಗಳನ್ನು ಸರಿಮಾಡುವವರೆಗೆ ದಂಡ ಹಾಕುವುದನ್ನು ನಿಲ್ಲಿಸಿ. ಪುಸ್ತಕ ಹಿಂದಿರುಗಿಸಿದ ಮಗು ದಂಡ ಕಟ್ಟುವುದು ಅನ್ಯಾಯ, ಆ ಮಗು ಮತ್ತೆ ಲೈಬ್ರರಿಗೆ ಬರಲು ಹಿಂಜರಿಯುತ್ತದೆ. ಲೇಬಲ್ ಹಚ್ಚಿದ ಮೇಲೆ ಕಪಾಟಿನಲ್ಲಿರುವ ಪ್ರತಿಗಳನ್ನು ಎಣಿಸಿ. ಐದರಲ್ಲಿ ನಾಲ್ಕು ಕಪಾಟಿನಲ್ಲೇ ಇದ್ದು ಮೂವರ ಹೆಸರಿನಲ್ಲಿ ಬಾಕಿ ತೋರಿಸಿದರೆ, ಹೊರಗಿರುವುದು ಒಂದೇ. ಮೂವರನ್ನೂ ಕೇಳಿ ತಿಳಿದು, ಉಳಿದೆರಡು ಬಾಕಿಗಳನ್ನು ವಜಾ ಮಾಡಿ.

ಪ್ರಶ್ನೆ: ಕಪಾಟಿನಲ್ಲಿರುವ ಕನ್ನಡ ಪುಸ್ತಕ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಯಾಕೆ?

ಉತ್ತರ: ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಕಂಪ್ಯೂಟರ್ ಅದನ್ನು ಕನ್ನಡವೆಂದು ಗುರುತಿಸುವುದಿಲ್ಲ, ಯೂನಿಕೋಡಿಗೆ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತಕ್ಕೆ) ಪರಿವರ್ತಿಸಿ. ಯೂನಿಕೋಡಿನಲ್ಲೇ ಇದ್ದೂ ಸಿಗದಿದ್ದರೆ ‘ಸಾಫ್ಟ್‌ವೇರ್’ ತರಹದ ಪದಗಳನ್ನು ನೋಡಿ. ಒತ್ತಕ್ಷರ ಬಿಡಿಸಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಅದಿಲ್ಲದೆ ಮಗು ‘ಸಾಫ್ಟ್ವೇರ್’ ಎಂದು ಹುಡುಕಿದರೆ ಹೊಂದಾಣಿಕೆ ಆಗದಿರಬಹುದು. ಪರ್ಯಾಯ ಶೀರ್ಷಿಕೆಯ ಜಾಗದಲ್ಲಿ ಎರಡನೆಯ ರೂಪವನ್ನೂ ಬರೆದಿಡಿ.