ಕಿವಿಯ ಸೆನ್ಸರ್ 58 ಅನ್ನುತ್ತದೆ, ರಕ್ತ 51 ಅನ್ನುತ್ತದೆ

ಪ್ರಶ್ನೆ: ಅಮ್ಮನಿಗೆ 68 ವರ್ಷ. ಸೌದೆ ಒಲೆಯ ಹೊಗೆ ಕುಡಿದು ಬಂದ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ). ಉಬ್ಬಸ ಜಾಸ್ತಿಯಾಗಿ ಶಿವಮೊಗ್ಗದಲ್ಲಿ ಐಸಿಯುಗೆ ಸೇರಿಸಿ ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಡುವ ಯಂತ್ರ) ಹಾಕಿದ್ದಾರೆ. ಕಿವಿಗೆ ಸಿಕ್ಕಿಸಿದ ಸೆನ್ಸರ್ ಕಾರ್ಬನ್ ಡೈಆಕ್ಸೈಡ್ 58 ತೋರಿಸುತ್ತಿದೆ. ಮಣಿಕಟ್ಟಿನಿಂದ ತೆಗೆದ ರಕ್ತದಲ್ಲಿ 51 ಬಂತು. ಯಾವುದನ್ನು ನಂಬಬೇಕು? ಸೆನ್ಸರ್ ಇದ್ದೂ ಚುಚ್ಚುವುದೇಕೆ? ಕಿವಿಯೂ ಕೆಂಪಾಗಿದೆ.
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಗಾಬರಿ ಬೇಡ, 7 ಅಂಕಿಯ ವ್ಯತ್ಯಾಸ ಈ ಯಂತ್ರಕ್ಕೆ ಮಾಮೂಲು. ರಕ್ತದ ಅಂಕಿಗಿಂತ ಸುಮಾರು 7.5 ಮಿ.ಮೀ. ಪಾದರಸ ಆಚೀಚೆ ಇದ್ದರೂ ವೈದ್ಯರು ಒಪ್ಪುತ್ತಾರೆ. ಆರೋಗ್ಯವಂತರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ 35ರಿಂದ 45.

ಸೆನ್ಸರ್ ಚರ್ಮವನ್ನು ಸುಮಾರು 42 ಡಿಗ್ರಿಗೆ ಬೆಚ್ಚಗೆ ಮಾಡುತ್ತದೆ. ಆಗ ಕೆಳಗಿನ ರಕ್ತನಾಳಗಳು ಹಿಗ್ಗಿ, ಅನಿಲ ಚರ್ಮದ ಮೂಲಕ ಹೊರಬರುತ್ತದೆ. ಬಿಸಿಗೂ ಚರ್ಮ ತಾನೇ ಉತ್ಪಾದಿಸುವ ಅನಿಲಕ್ಕೂ ಯಂತ್ರವೇ ಲೆಕ್ಕ ಹಾಕಿ ಕಳೆಯುತ್ತದೆ. ಆ ಲೆಕ್ಕ ಎಲ್ಲರ ಚರ್ಮಕ್ಕೂ ಒಂದೇ ಸಮ ಹೊಂದುವುದಿಲ್ಲ. ಹಚ್ಚಿದ ಮೊದಲ 10–20 ನಿಮಿಷದ ಅಂಕಿಯನ್ನು ಲೆಕ್ಕಕ್ಕೇ ಹಿಡಿಯಬಾರದು.

ಹೆಚ್ಚಾಗಿ ಎಡವಟ್ಟಾಗುವುದು ಗಾಳಿ ನುಸುಳಿದಾಗ. ಹೊರಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅಂಕಿ ದಿಢೀರನೆ ಕುಸಿಯುತ್ತದೆ. ನಮ್ಮ ಕಡೆಯ ಹಿರಿಯ ಹೆಂಗಸರಲ್ಲಿ ಓಲೆಯ ಭಾರಕ್ಕೆ ತೂತು ಹಿಗ್ಗಿರುತ್ತದೆ. ಕ್ಲಿಪ್ ಆ ತೂತಿನ ಮೇಲೆ ಕೂತರೆ ಇದೇ ಕಥೆ. ಅಂಥವರಿಗೆ ಕಾಲರ್ ಎಲುಬಿನ ಕೆಳಗಿನ ಎದೆಯ ಜಾಗವೇ ವಾಸಿ. ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಒಂದೇ ಹನಿ ಜೆಲ್ ಹಾಕಿ ಅಂಟಿಸಬೇಕು.

ಬಿ.ಪಿ. ಬಿದ್ದು ಮೈ ತಣ್ಣಗಾಗಿದ್ದರೆ ತೊಂದರೆ ಬೇರೆ: ರಕ್ತ ಸರಿಯಾಗಿ ಹರಿಯದೆ ಅನಿಲ ಅಲ್ಲೇ ನಿಂತು ಅಂಕಿ ಸುಳ್ಳೇ ಏರುತ್ತದೆ. ಚರ್ಮ ಬಾವು ಬಂದಿದ್ದರೂ ನಂಬಿಕೆ ಕಡಿಮೆ. ಸೆನ್ಸರ್‌ನ ತೆಳು ಪೊರೆ ಹಳತಾಗಿದ್ದರೆ, ಕ್ಯಾಲಿಬ್ರೇಷನ್ (ಅಳತೆಯ ಹೊಂದಾಣಿಕೆ) ತಪ್ಪಿದ್ದರೆ ಅಂಕಿ ಗಂಟೆಗಂಟೆಗೂ ಜಾರುತ್ತಾ ಹೋಗುತ್ತದೆ.

ಚುಚ್ಚುವುದು ಪೂರ್ತಿ ತಪ್ಪುವುದಿಲ್ಲ. ರಕ್ತದ ಆಮ್ಲೀಯತೆ, ಅಂದರೆ ಪಿಎಚ್, ಚರ್ಮದ ಮೇಲಿಂದ ತಿಳಿಯದು. ಬೈಪ್ಯಾಪ್ ಸಾಕೋ, ಶ್ವಾಸನಾಳಕ್ಕೆ ಟ್ಯೂಬ್ ಹಾಕಬೇಕೋ ಎಂಬ ನಿರ್ಧಾರಕ್ಕೆ ಅದೇ ಮುಖ್ಯ. ಸೆನ್ಸರ್ ಸ್ಥಿರವಾದ ಮೇಲೆ ಒಮ್ಮೆ ರಕ್ತ ತೆಗೆದು, ಅದೇ ನಿಮಿಷದ ಸೆನ್ಸರ್ ಅಂಕಿಯನ್ನು ಪಕ್ಕದಲ್ಲಿ ಬರೆದಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಮುಂದೆ ನೋಡಬೇಕಾದ್ದು ಏರಿಳಿತವನ್ನು. ಬೈಪ್ಯಾಪ್ ಒತ್ತಡ ಹೆಚ್ಚಿಸಿದ ಮೇಲೆ 58 ಇದ್ದದ್ದು 52ಕ್ಕೆ ಇಳಿದು ನಿಂತರೆ ಒಳ್ಳೆಯ ಸೂಚನೆ. ಏರುತ್ತಾ ಹೋಗಿ ಅಮ್ಮ ಮಂಕಾದರೆ, ತೂಕಡಿಸಿದರೆ ಕೂಡಲೇ ನರ್ಸ್‌ಗೆ ಹೇಳಿ.

ಕೆಂಪು ಗುರುತು ಬಿಸಿಯಿಂದ ಬಂದದ್ದು, ತಾನಾಗಿ ಮಾಯುತ್ತದೆ. ಗುಳ್ಳೆ ಎದ್ದರೆ ಮಾತ್ರ ಸುಟ್ಟಿದೆ ಎಂದರ್ಥ. 4ರಿಂದ 8 ಗಂಟೆಗೊಮ್ಮೆ ಜಾಗ ಬದಲಿಸುತ್ತಿದ್ದಾರೆಯೇ ಎಂದು ಕೇಳಿ, ಸಂಕೋಚ ಬೇಡ.

ಮನೆಗೆ ಹೋದ ಮೇಲೆ ಬೆರಳಿನ ಆಕ್ಸಿಮೀಟರ್ ಇದರ ಬದಲಿ ಆಗುವುದಿಲ್ಲ, ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಕಾಣುವುದೇ ಇಲ್ಲ. ಇಂಥ ರೋಗಿಗಳಿಗೆ ಸಾಮಾನ್ಯವಾಗಿ ಆಕ್ಸಿಮೀಟರ್‌ನಲ್ಲಿ ಶೇ. 88ರಿಂದ 92ರ ಆಕ್ಸಿಜನ್ ಸಾಕು; 98 ಬರಲಿ ಎಂದು ಸಿಲಿಂಡರ್ ತಿರುಗಿಸಬೇಡಿ.