ನಲಿ-ಕಲಿ ತರಗತಿ ನೋಡುವಾಗ ಏನು ಬರೆದುಕೊಳ್ಳಬೇಕು?

ನಮಸ್ಕಾರ ಸರ್. ಹೊಸದಾಗಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸುತ್ತಲಿನ ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗುವವರು) ಆಗಿದ್ದೀರಿ, ನೀವು ತರಗತಿಯೊಳಗೆ ಹೋದ ಕೂಡಲೇ ಶಿಕ್ಷಕರು ಗಾಬರಿಯಾಗಿ ಮಕ್ಕಳನ್ನು ಸುಮ್ಮನೆ ಕೂರಿಸುತ್ತಾರೆ, ಹೀಗಿರುವಾಗ ಏನು ನೋಡಿ ಬರೆದುಕೊಳ್ಳಲಿ ಎಂದು ಕೇಳಿದ್ದೀರಿ. ನಾನೂ ಐದು ವರ್ಷ ಈ ಕೆಲಸ ಮಾಡಿದ್ದೇನೆ.

ಮೊದಲ ಭೇಟಿಯಲ್ಲಿ ಟಿಪ್ಪಣಿ ಪುಸ್ತಕ ತೆಗೆಯಲೇಬೇಡಿ. ಮಕ್ಕಳ ಜೊತೆ ನೆಲದ ಮೇಲೆ ಕುಳಿತುಕೊಳ್ಳಿ. ಕುರ್ಚಿ ತರಿಸಿಕೊಂಡರೆ ಅಲ್ಲಿಗೆ ಮುಗಿಯಿತು, ನೀವು ಸಾಹೇಬರೇ ಆಗಿಬಿಡುತ್ತೀರಿ.

ನಲಿ-ಕಲಿ ಎಂದರೆ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ; ಇದರಲ್ಲಿ 1ರಿಂದ 3ನೇ ತರಗತಿ ಮಕ್ಕಳು ಒಟ್ಟಿಗೆ ಇರುತ್ತಾರೆ, ಗದ್ದಲ ಸಹಜ. ಅದನ್ನು ಶಿಸ್ತಿಲ್ಲ ಎಂದು ಬರೆಯುವುದು ತಪ್ಪು. ಮಕ್ಕಳು ತಟ್ಟೆ ಎಂಬ ಗುಂಪುಗಳಲ್ಲಿ ಕೂರುತ್ತಾರೆ; ಅದರಲ್ಲಿ ಸ್ವಕಲಿಕೆ ತಟ್ಟೆಯ, ಅಂದರೆ ತಾವಾಗಿಯೇ ಕಲಿಯುವ ಗುಂಪಿನ ಮಕ್ಕಳನ್ನು ಜಾಸ್ತಿ ನೋಡಿ. ಶಿಕ್ಷಕರು ಬೇರೆ ತಟ್ಟೆಯಲ್ಲಿದ್ದಾಗ ಇವರು ಕಲಿಕೆಯ ಚಟುವಟಿಕೆ ಇರುವ ಕಾರ್ಡ್ ಹಿಡಿದು ಕೆಲಸ ಮಾಡುತ್ತಿದ್ದಾರಾ, ಸುಮ್ನೆ ಕೂತಿದ್ದಾರಾ? ತರಗತಿ ಹೇಗೆ ನಡೆಯುತ್ತಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಪ್ರಗತಿ ನೋಟದಲ್ಲಿ (ಪ್ರತಿ ಮಗು ಎಲ್ಲಿಯವರೆಗೆ ಕಲಿತಿದೆ ಎಂದು ತೋರಿಸುವ ಪಟ್ಟಿ) ಹಿಂದೆ ಬಿದ್ದ ಒಂದಿಬ್ಬರನ್ನು ಹತ್ತಿರ ಕರೆದು ಓದಿಸಿ ನೋಡಿ.

ಮುಂದಿನ ಭೇಟಿಗಳಲ್ಲಿ ಬರೆಯುವಾಗ "ಚೆನ್ನಾಗಿದೆ", "ಸುಧಾರಿಸಬೇಕು" ಎಂದಷ್ಟೇ ಬರೆಯಬೇಡಿ, ಅದರಿಂದ ಯಾರಿಗೂ ಉಪಯೋಗವಿಲ್ಲ. ಕಂಡದ್ದನ್ನೇ ಬರೆಯಿರಿ: "ಕಿಟಕಿ ಪಕ್ಕದ ಮೂವರು ಹತ್ತು ನಿಮಿಷ ಕಾರ್ಡ್ ಮುಟ್ಟಲಿಲ್ಲ." ಹೀಗಿದ್ದರೆ ಶಿಕ್ಷಕರಿಗೂ ಬೇಜಾರಾಗುವುದಿಲ್ಲ, ಅಲ್ವಾ? ಬರೆದದ್ದನ್ನು ಹೊರಡುವ ಮೊದಲು ಅವರಿಗೇ ಓದಿ ಹೇಳಿ. ಮಕ್ಕಳೆದುರು ಮಾತ್ರ ಬೇಡ.